ಚೆನ್ನಾಗಿದ್ದಾಳಲ್ಲ, ಮತ್ತೆ ಮದ್ದು ಯಾಕೆ?

(ಮಾವ ಕಾಪುವಿನವರು. ಮುಂಬಯಿಯಲ್ಲಿ ಬಹುಕಾಲ ಹೋಟೆಲು ನಡೆಸಿ ಊರಿಗೆ ಮರಳಿದವರು. ಸೊಸೆ ಎಂದರೆ ಅವರ ತಂಗಿಯ ಮಗಳು. ಕಾರ್ಕಳದಲ್ಲಿ ಮನೆ, ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು, ಗಂಡ ದುಬೈಯಲ್ಲಿ. ಐದು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರಿಗೆ ಮಣಿಪಾಲದಲ್ಲಿ ಚಿಕಿತ್ಸೆ ನಡೆಯುತ್ತಿದೆ. ಗಂಡನ ತಾಯಿಗೆ ಮಂಗಳೂರಿನಲ್ಲಿ ಕಣ್ಣಿನ ಆಪರೇಷನ್ ಇರುವುದರಿಂದ ಮಗುವನ್ನು ಕೆಲವು ದಿನ ಮಾವನ ಮನೆಯಲ್ಲಿ ಬಿಡಲು ಬಂದಿದ್ದಾಳೆ. ದೊಡ್ಡ ಮಗ ಆಗಲೇ ಅಲ್ಲಿದ್ದಾನೆ. ಆಟಿ ತಿಂಗಳು, ಹೊರಗೆ ಮಳೆ.)

ಮಾವ: ಬಾಲೆ ಬಂದವಳೇ ಅಣ್ಣನ ಜೊತೆ ಒಳಗೆ ಓಡಿದಳು. ಅವನಿಗಿಂತ ಇವಳದ್ದೇ ಗಲಾಟೆ. ಇಷ್ಟು ಚೆನ್ನಾಗಿದ್ದಾಳಲ್ಲ ಮಾರಾಯ್ತಿ, ಮತ್ತೆ ಈ ಡಬ್ಬಿ ತುಂಬ ಮಾತ್ರೆ ಯಾಕೆ? ಮೊದಲ ತಿಂಗಳಲ್ಲೇ ರಿಪೋರ್ಟು ಕ್ಲೀನ್ ಬಂದಿದೆ ಅಂತ ನೀನೇ ಫೋನಿನಲ್ಲಿ ಅತ್ತಿದ್ದಿ.

ಸೊಸೆ: ಅತ್ತದ್ದು ಹೌದು ಮಾವ. ಆದರೆ ಆ ರಿಪೋರ್ಟು ಕೊಟ್ಟವರೇ ಮುಂದಿನ ಎರಡು ವರ್ಷದ ಚಾರ್ಟನ್ನೂ ಕೈಗೆ ಕೊಟ್ಟರು. ಕಾಯಿಲೆ ಗೊತ್ತಾಗುವ ಹೊತ್ತಿಗೆ ಮಗುವಿನ ಮೈಯಲ್ಲಿ ಸುಮಾರು ಲಕ್ಷ ಕೋಟಿ ಕೆಟ್ಟ ಕಣಗಳು ಇರುತ್ತವೆ. ಮೊದಲ ತಿಂಗಳ ಕೀಮೋದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸತ್ತವು ಅಂತಿಟ್ಟುಕೊಳ್ಳಿ. ಉಳಿದದ್ದೆಷ್ಟು?

ಮಾವ: ಸಾವಿರ ಕೋಟಿ. ಅಬ್ಬ.

ಸೊಸೆ: ಅಷ್ಟು ಉಳಿದಿದ್ದರೂ ಮೂಳೆಮಜ್ಜೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಚೊಕ್ಕವಾಗಿಯೇ ಕಾಣುತ್ತದೆ. ಮಗು ಗಂಜಿ ಉಂಡು ಆಡುತ್ತದೆ. ಹತ್ತು ಸಾವಿರ ಕಣದಲ್ಲಿ ಒಂದು ಕೆಟ್ಟದ್ದಿದ್ದರೂ ಹಿಡಿಯುವ ಪರೀಕ್ಷೆ ಈಗ ಉಂಟು, ಎಂಆರ್‌ಡಿ ಅಂತ. ಅದರಲ್ಲಿ ಸಿಗದವರಿಗೂ ಮದ್ದು ನಿಲ್ಲಿಸುವುದಿಲ್ಲ.

ಮಾವ: ಇದು ಕಾಯಿಲೆಯ ಲೆಕ್ಕವಾ, ಆಸ್ಪತ್ರೆಯ ಲೆಕ್ಕವಾ? ಬೇಸರ ಮಾಡಬೇಡ. ಬಿಲ್ಲು ಹೇಗೆ ಬೆಳೆಯುತ್ತದೆ ಅಂತ ಹೋಟೆಲಿನವನಿಗೆ ಗೊತ್ತುಂಟು.

ಸೊಸೆ: ಈ ಮಾತ್ರೆಗಳಿಂದ ಯಾರ ಬಿಲ್ಲೂ ಬೆಳೆಯುವುದಿಲ್ಲ ಮಾವ, ಅಷ್ಟು ಅಗ್ಗ. ದುಡ್ಡು ಹೋದದ್ದು ಅಡ್ಮಿಟ್ ಆಗಿದ್ದ ಮೊದಲ ತಿಂಗಳುಗಳಲ್ಲಿ. ಅದಿರಲಿ, ಒಳಗೆ ಅತ್ತೆ ಟಾನಿಕ್ ಬಾಟಲಿ ತೆಗೆದಿಟ್ಟದ್ದು ನೋಡಿದೆ. ಅದು ಬೇಡ.

ಮಾವ: ಮುಖ ಸ್ವಲ್ಪ ಬಿಳಿಚಿಕೊಂಡಿದೆ, ರಕ್ತ ಆಗಲಿ ಅಂತ ತರಿಸಿದಳು. ಟಾನಿಕ್ಕಿನಿಂದ ಎಂತ ಆಗುತ್ತದೆ?

ಸೊಸೆ: ಅದರಲ್ಲಿ ಫೋಲಿಕ್ ಆಸಿಡ್ ಉಂಟು. ಬೋಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ಅಂತ ಮಕ್ಕಳ ಆಸ್ಪತ್ರೆಯ ಡಾಕ್ಟರು, ಅತ್ತೆ ಯೋಚಿಸಿದ ಹಾಗೆಯೇ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಫೋಲಿಕ್ ಆಸಿಡ್ ಕೊಟ್ಟು ನೋಡಿದರು. ಕಾಯಿಲೆ ಇನ್ನೂ ಜೋರಾದ ಹಾಗೆ ಕಂಡಿತು. ಹಾಗಾದರೆ ಫೋಲಿಕ್ ಆಸಿಡಿಗೆ ಅಡ್ಡ ನಿಲ್ಲುವ ಮದ್ದು ಕೊಟ್ಟರೆ ಹೇಗೆ ಅಂತ ಅವರಿಗೆ ಹೊಳೆಯಿತು. ಅಂಥ ಮದ್ದನ್ನು ತಯಾರಿಸಿ ಕೊಟ್ಟ ಲೆಡರ್ಲೆ ಕಂಪೆನಿಯ ಪ್ರಯೋಗಾಲಯಕ್ಕೆ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ನಮ್ಮ ಪಾಠಪುಸ್ತಕದಲ್ಲಿ ಅವರ ಹೆಸರು ಬರುವುದೇ ಇಲ್ಲ. ಮಕ್ಕಳಿಗೆ ನಾನೇ ಹೇಳುವುದು.

ಮಾವ: ಯಾವ ಕಾಲದಲ್ಲಿ ಇದು?

ಸೊಸೆ: 1947ರ ಕೊನೆಯಲ್ಲಿ. 1948ರ ಜೂನಿನಲ್ಲಿ ಫಾರ್ಬರ್ ವರದಿ ಪ್ರಕಟಿಸಿದರು. ಹದಿನಾರು ಮಕ್ಕಳಿಗೆ ಕೊಟ್ಟದ್ದು, ಹತ್ತು ಮಕ್ಕಳು ಸುಧಾರಿಸಿದರು. ಹಾಸಿಗೆ ಹಿಡಿದಿದ್ದವರು ಎದ್ದು ಓಡಾಡಿದರು. ಅದೇ ಆಗಸ್ಟಿನಲ್ಲಿ ಸುಬ್ಬರಾವ್ ತೀರಿಕೊಂಡರು. ಆದರೆ ಮಾವ, ಆ ಮಕ್ಕಳ ಸುಖ ಕೆಲವೇ ತಿಂಗಳದ್ದು. ಕಾಯಿಲೆ ಮರಳಿ ಬಂತು. ಚೆನ್ನಾಗಿದ್ದಾರೆ ಅಂದರೆ ಗುಣವಾಗಿದ್ದಾರೆ ಅಂತಲ್ಲ ಎನ್ನುವುದನ್ನು ಡಾಕ್ಟರುಗಳು ಕಲಿತದ್ದು ಹಾಗೆ. 1962ರಿಂದ ಅಮೆರಿಕದ ಮೆಂಫಿಸ್‌ನಲ್ಲಿ ಡೊನಾಲ್ಡ್ ಪಿಂಕೆಲ್ ಮತ್ತು ಜೊತೆಯವರು ಒಂದೇ ಮದ್ದನ್ನು ನಂಬದೆ ನಾಲ್ಕೈದನ್ನು ಸೇರಿಸಿ, ಮಿದುಳಿನ ಕಡೆ ಅಡಗಿದ್ದಕ್ಕೂ ಬೇರೆ ಚಿಕಿತ್ಸೆ ಇಟ್ಟು, ಮಗು ಆರಾಮಾದ ಮೇಲೂ ಎರಡು ಮೂರು ವರ್ಷ ಬಿಡದೆ ಮುಂದುವರಿಸಿದರು. ಆಗ ಅರ್ಧದಷ್ಟು ಮಕ್ಕಳು ಉಳಿದರು. ಇವತ್ತು ಶ್ರೀಮಂತ ದೇಶಗಳಲ್ಲಿ ಈ ಕಾಯಿಲೆಯ ಮಕ್ಕಳಲ್ಲಿ ನೂರಕ್ಕೆ ಹತ್ತಿರ ಹತ್ತಿರ ತೊಂಬತ್ತು ಮಂದಿ ಬದುಕುತ್ತಾರೆ.

ಮಾವ: ನೀನು ಹೇಳುವಾಗ ನನಗೊಂದು ನೆನಪಾಯಿತು. ಪರೇಲಿನ ಟಾಟಾ ಆಸ್ಪತ್ರೆಯ ಹೊರಗೆ ಫುಟ್‌ಪಾತಿನಲ್ಲೇ ಒಲೆ ಹೂಡಿ ಇದ್ದವರನ್ನು ನಾನು ಕಂಡವ. ನಮ್ಮ ಹೋಟೆಲಿನ ದೋಸೆ ಭಟ್ಟನೊಬ್ಬನ ಮಗನಿಗೂ ಇದೇ ಆಗಿತ್ತು, ಕಾರ್ಕಳದ ಕಡೆಯವನು. ಹುಡುಗ ಎರಡು ತಿಂಗಳಲ್ಲಿ ಗುಂಡಗುಂಡಗೆ ಆದ. ಅಪ್ಪನಿಗೆ ಖುಷಿಯೋ ಖುಷಿ. ರಜೆ ಹಾಕಿ ಊರಿಗೆ ಕರೆದುಕೊಂಡು ಹೋದವನು ಮತ್ತೆ ಆಸ್ಪತ್ರೆಗೆ ತರಲಿಲ್ಲ. ಗದ್ದೆ ಕೆಲಸ, ಮನೆಯಲ್ಲಿ ಮದುವೆ, ದುಡ್ಡಿನ ಅಡಚಣೆ. ಮುಂದಿನ ವರ್ಷ ತಂದ. ಆಮೇಲಿನದ್ದು ಹೇಳುವುದು ಬೇಡ.

ಸೊಸೆ: ಅದೇ ನೋಡಿ. ಬಡ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ ಮೂವತ್ತು ಮಂದಿಯೂ ಉಳಿಯುವುದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯವರೇ ಹೇಳುವುದು. 2030ರ ಒಳಗೆ ಅದನ್ನು ಅರುವತ್ತಕ್ಕಾದರೂ ಏರಿಸಬೇಕು ಅಂತ 2018ರಲ್ಲಿ ಗುರಿ ಇಟ್ಟಿದ್ದಾರೆ. ಮದ್ದು ಗೊತ್ತಿಲ್ಲದೆ ಅಲ್ಲ ಹೀಗಾಗುವುದು. ತಡವಾಗಿ ಗೊತ್ತಾಗುವುದು, ಸೋಂಕು, ಮತ್ತೆ ಅರ್ಧಕ್ಕೆ ಬಿಡುವುದು. ಮಗು ನರಳುವಾಗ ಯಾರೂ ಬಿಡುವುದಿಲ್ಲ ಮಾವ. ಮಗು ಆಡುವಾಗ ಬಿಡುತ್ತಾರೆ.

ಮಾವ: ಮುಂಬಯಿಯಲ್ಲಿ ಈಗ ಹಾಗಿಲ್ಲ. 2006ರಿಂದ ಸೇಂಟ್ ಜ್ಯೂಡ್ ಅಂತ ಒಂದು ಸಂಸ್ಥೆಯವರು ದೂರದಿಂದ ಬಂದ ಮಕ್ಕಳ ಮನೆಯವರಿಗೆ ದುಡ್ಡಿಲ್ಲದೆ ಕೋಣೆ ಕೊಡುತ್ತಾರೆ, ಅಡುಗೆಗೂ ಜಾಗ ಉಂಟು. ಅದಕ್ಕೇ ಆವತ್ತು ನಾನು ಟಾಟಾಕ್ಕೆ ಹೋಗುವ ಅಂದದ್ದು. ನೀನು ಕೇಳಲಿಲ್ಲ.

ಸೊಸೆ: ಕೇಳದೆ ಇದ್ದದ್ದಕ್ಕೆ ಕಾರಣ ಉಂಟು. ಟಾಟಾ ದೊಡ್ಡದು, ಸಂಶಯವಿಲ್ಲ. ಬೆಂಗಳೂರಿನ ಕಿದ್ವಾಯಿಯೂ ದೊಡ್ಡದು. ಆದರೆ ಈ ಕಾಯಿಲೆಯಲ್ಲಿ ಮಧ್ಯರಾತ್ರಿ ಜ್ವರ ಬಂದರೆ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಮೈಗೆ ಹೋಗಬೇಕು. ಕಾರ್ಕಳದಿಂದ ಬೈಲೂರು, ಹಿರಿಯಡಕ, ಪರ್ಕಳ ದಾಟಿದರೆ ಮಣಿಪಾಲ. ಮಕ್ಕಳ ಕ್ಯಾನ್ಸರಿಗೇ ಬೇರೆ ವಿಭಾಗ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಉಂಟು. ಅಲ್ಲಿ ಕೊಡುವುದೂ ಇದೇ ಮದ್ದು, ಇಲ್ಲಿ ಕೊಡುವುದೂ ಇದೇ ಮದ್ದು. ಹತ್ತಿರವಾದ್ದರಿಂದಲೇ ನಾವು ಒಂದು ಡೋಸೂ ತಪ್ಪಿಸದೆ ಬಂದದ್ದು. ಆದರೂ ಬಸ್ಸಿನ ಖರ್ಚು ಕೇಳಬೇಡಿ. ಸರಕಾರ ಹೆಂಗಸರಿಗೆ ಟಿಕೆಟ್ ಇಲ್ಲ ಅಂತ ಮಾಡಿದೆ, ನಮ್ಮ ರೂಟಿನಲ್ಲಿ ಹೆಚ್ಚಿನವೆಲ್ಲ ಖಾಸಗಿ ಬಸ್ಸು!

ಮಾವ: ಮತ್ತೆ ಆ ಆಯುಷ್ಮಾನ್ ಕಾರ್ಡ್?

ಸೊಸೆ: ಬಿಪಿಎಲ್‌ನವರಿಗೆ ವರ್ಷಕ್ಕೆ ಐದು ಲಕ್ಷದವರೆಗೆ. ನಮ್ಮದು ಎಪಿಎಲ್, ನಿಗದಿ ಮಾಡಿದ ಖರ್ಚಿನ ಮೂವತ್ತು ಪರ್ಸೆಂಟು ಮಾತ್ರ. ದುಬೈಯಿಂದ ಬಂದದ್ದು, ಪಿಎಫ್, ನನ್ನ ಎರಡು ಬಳೆ, ಎಲ್ಲ ಸೇರಿ ಹೇಗೋ ಆಯಿತು. ಪಕ್ಕದ ಬೆಡ್ಡಿನವರಿಗೆ ಕಾರ್ಡ್ ಇತ್ತು, ಆದರೆ ಅಪ್ಪ ದಿನಗೂಲಿ. ಮಗುವಿನ ಜೊತೆ ಕುಳಿತರೆ ಆ ದಿನದ ಕೂಲಿ ಇಲ್ಲ. ಅದನ್ನು ಯಾವ ಕಾರ್ಡೂ ಕೊಡುವುದಿಲ್ಲ.

ಮಾವ: ನಮ್ಮ ಕಟಪಾಡಿಯ ರವಿ ಇದ್ದಾರಲ್ಲ, ಅವರೂ ಕೂಲಿ ಕೆಲಸದವರೇ. ಅಷ್ಟಮಿಗೆ ಮೈಗೆಲ್ಲ ಬಣ್ಣ ಬಳಿದು ಸಿನಿಮಾದ ರಾಕ್ಷಸರ ಹಾಗೆ ವೇಷ ಹಾಕಿ ಉಡುಪಿ ಸುತ್ತುವುದು. ಡಬ್ಬಿಗೆ ಬಿದ್ದದ್ದನ್ನೆಲ್ಲ ಕಾಯಿಲೆಯ ಮಕ್ಕಳ ಮನೆಗೆ ಕೊಡುವುದು. ಅಮಿತಾಭ್ ಬಚ್ಚನ್ ಕಾರ್ಯಕ್ರಮಕ್ಕೂ ಕರೆದಿದ್ದರು.

ಸೊಸೆ: ಹೌದು. ವರ್ಷಕ್ಕೊಮ್ಮೆ ಬಣ್ಣ ಹಚ್ಚುವ ಮನುಷ್ಯ ಲಕ್ಷಗಟ್ಟಲೆ ಎತ್ತುತ್ತಾರೆ ಅಂದರೆ ಊರಿನವರಲ್ಲಿ ಕೊಡುವ ಮನಸ್ಸು ಉಂಟು ಅಂತಾಯಿತು. ಕೇಳುವವರು ಬೇಕು, ಅಷ್ಟೆ. ನೀವು ಕೇಳಲಿಕ್ಕೇ ಬಿಡಲಿಲ್ಲ.

ಮಾವ: ಅದು ಬೇರೆ ವಿಷಯ. ಹೆಣ್ಣು ಮಗು. ನಾಳೆ ಮದುವೆ ಅಂತ ಬಂದಾಗ ಜನ ಇದನ್ನೇ ಎತ್ತಿ ಆಡುತ್ತಾರೆ. ಅದಕ್ಕೇ ಯಾರಿಗೂ ಹೇಳಬೇಡ ಅಂದದ್ದು.

ಸೊಸೆ: ಮೊದಲ ವಾರ ನಾನೂ ಹೇಳಲಿಲ್ಲ. ಟೈಫಾಯ್ಡ್ ಅಂದೆ. ಒಂದು ಸಂಜೆ ಅವಳ ಪ್ಲೇಟ್‌ಲೆಟ್ ತೀರ ಇಳಿಯಿತು. ಒಸಡಿನಿಂದ ರಕ್ತ, ತಲೆದಿಂಬಿನಲ್ಲೆಲ್ಲ ಕಲೆ. ಪ್ಲೇಟ್‌ಲೆಟ್ ಬೇಕು ಅಂದರು. ಅದನ್ನು ತುಂಬ ದಿನ ಕೂಡಿಡಲಿಕ್ಕೆ ಆಗುವುದಿಲ್ಲ, ಐದು ದಿನ ಅಷ್ಟೆ. ಅದೂ ಮೆಷಿನಿನಲ್ಲಿ ಅಲ್ಲಾಡಿಸುತ್ತಲೇ ಇರಬೇಕು. ದಾನಿ ಬಂದು ಮೆಷಿನಿನ ಎದುರು ಒಂದೂವರೆ ಗಂಟೆ ಕುಳಿತುಕೊಳ್ಳಬೇಕು. ಟೈಫಾಯ್ಡ್ ಅಂದರೆ ಯಾರು ಬರುತ್ತಾರೆ? ಇದ್ದದ್ದನ್ನು ಇದ್ದ ಹಾಗೆ ಬರೆದು ವಾಟ್ಸಾಪಿಗೆ ಹಾಕಿದೆ. ರಾತ್ರಿ ಹತ್ತಕ್ಕೆ ಕಾಪುವಿನ ಯುವಕ ಮಂಡಲದವರು ಮೂರು ಬೈಕಿನಲ್ಲಿ ಬಂದರು. ಮಳೆಯಲ್ಲಿ ತೊಯ್ದು ಮುದ್ದೆ. ಆಸ್ಪಿರಿನ್ ತೆಗೆದುಕೊಂಡಿದ್ದ ಅಂತ ಒಬ್ಬನನ್ನು ವಾಪಸು ಕಳಿಸಿದರು. ಅವನು ಮಲ್ಪೆಗೆ ಫೋನ್ ಮಾಡಿ ಬೋಟಿನಲ್ಲಿ ಕೆಲಸ ಮಾಡುವ ಭಾವನನ್ನು ಕರೆಸಿದ. ಅತ್ತೂರಿನ ಕಡೆಯ ಪರಿಚಯದ ಬಾಯಿಯೊಬ್ಬರು ಇಗರ್ಜಿಯಲ್ಲಿ ಮೇಣದ ಬತ್ತಿ ಹಚ್ಚಿ, ಮಾರನೆಯ ಬೆಳಿಗ್ಗೆ ಮಗನನ್ನೂ ಕಳಿಸಿದರು. ಮುಚ್ಚಿಟ್ಟಿದ್ದರೆ ಈ ರಕ್ತ ಎಲ್ಲಿಂದ ಬರುತ್ತಿತ್ತು? ಮದುವೆಗೆ ಮೊದಲು ಅವಳು ಇರಬೇಕಲ್ಲ ಮಾವ.

ಮಾವ: ಸರಿ, ಆ ಮಾತು ಒಪ್ಪಿದೆ. ಆದರೆ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದರೆ ಎಂತ ತೊಂದರೆ? ನಾಗನಿಗೆ ಏನೋ ಬಾಕಿ ಉಂಟು ಅಂತ ನಿನ್ನ ಅತ್ತೆಗೆ ಅನುಮಾನ.

ಸೊಸೆ: ಇಡಿಸಿ, ಬೇಡ ಅನ್ನುವುದಿಲ್ಲ. ತಂಬಿಲವೂ ಆಗಲಿ. ಮಾತ್ರೆ ನಿಲ್ಲಿಸಿ ಅಂತ ಯಾರಾದರೂ ಹೇಳಿದರೆ ಮಾತ್ರ ನನ್ನ ಹತ್ತಿರ ಹೇಳುವುದು ಬೇಡ. ಯಾರ ದೋಷವೂ ಅಲ್ಲ ಇದು. ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಹೆಚ್ಚು ಬರುತ್ತದೆ, ಅಪ್ಪ ಅಮ್ಮ ಮಾಡಿದ್ದರಿಂದಲ್ಲ, ತಿಂದದ್ದರಿಂದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಇದನ್ನು ಅತ್ತೆಗೆ ನೀವೇ ಹೇಳಿ. ನಾನು ಹೇಳಿದರೆ ಮೇಷ್ಟ್ರಮ್ಮ ಪಾಠ ಮಾಡಿದಳು ಅನ್ನುತ್ತಾರೆ.

ಮಾವ: ಆಟಿ ಅಮಾವಾಸ್ಯೆಗೆ ಪಾಲೆ ಮರದ ಕಷಾಯ? ಮನೆಯವರೆಲ್ಲ ಕುಡಿಯುತ್ತೇವೆ. ಒಂದು ಗುಟುಕು ಅವಳಿಗೂ...

ಸೊಸೆ: ಬೇಡ. ಗಿಡದ ಮದ್ದು ಅಂತ ತಾತ್ಸಾರ ಮಾಡಿ ಹೇಳುತ್ತಿಲ್ಲ. ನಿಮ್ಮ ತುಳಸಿಕಟ್ಟೆಯ ಪಕ್ಕದಲ್ಲಿ ನಿತ್ಯಪುಷ್ಪ ಉಂಟಲ್ಲ, ನಸುಗೆಂಪು ಹೂವಿನದ್ದು? ಅವಳಿಗೆ ನರಕ್ಕೆ ಕೊಡುವ ವಿನ್‌ಕ್ರಿಸ್ಟಿನ್ ಅದರಿಂದಲೇ ಬಂದದ್ದು. ಪಾಲೆ ಮರವೂ ಅದೇ ಕುಟುಂಬದ್ದು. ಒಂದು ಗ್ರಾಮ್ ಮದ್ದು ತೆಗೆಯಲಿಕ್ಕೆ ನೂರಾರು ಕಿಲೋ ಒಣಗಿದ ಎಲೆ ಬೇಕು. ಇಷ್ಟಾಗಿ ಕೊಡುವುದೆಷ್ಟು, ದೊಡ್ಡವರಿಗೂ ಒಂದು ಸಲಕ್ಕೆ ಎರಡು ಮಿಲಿಗ್ರಾಮ್ ದಾಟಿಸುವುದಿಲ್ಲ. ಅಷ್ಟಕ್ಕೇ ಇವಳ ಕಾಲು ಸೋತು, ಮೆಟ್ಟಿಲು ಹತ್ತುವಾಗ ಪಾದ ಎಳೆಯುತ್ತಿದ್ದಳು. ಗಿಡದಲ್ಲಿ ಶಕ್ತಿ ಉಂಟು ಅಂತ ನನಗೆ ಗೊತ್ತಿರುವುದರಿಂದಲೇ ಅಳತೆ ಇಲ್ಲದ್ದನ್ನು ಕೊಡಬೇಡಿ ಅನ್ನುವುದು. ಲಿವರ್ ಈಗಲೇ ಎರಡು ಮದ್ದಿನ ಭಾರ ಹೊತ್ತಿದೆ.

ಮಾವ: ಅದು ಯಾವ ಎರಡು? ತೋರಿಸು. ಕನ್ನಡಕ ಹಾಕಿಕೊಳ್ಳುತ್ತೇನೆ.

ಸೊಸೆ: ಇದು ಮರ್ಕ್ಯಾಪ್ಟೊಪ್ಯೂರಿನ್, 6-ಎಂಪಿ ಅನ್ನುತ್ತಾರೆ. ಗರ್ಟ್ರೂಡ್ ಎಲಿಯನ್ ಅಂತ ಒಬ್ಬ ಹೆಂಗಸು ಕಂಡುಹಿಡಿದ ಮದ್ದು, 1953ರಿಂದ ಬಳಕೆಯಲ್ಲಿದೆ. 1988ರಲ್ಲಿ ಅವರಿಗೆ ನೊಬೆಲ್ ಬಂತು. ದಿನವೂ ರಾತ್ರಿ ಒಂಬತ್ತಕ್ಕೆ. ಇಡೀ ಮಾತ್ರೆ ಅಲ್ಲ, ಚಾರ್ಟಿನಲ್ಲಿ ಯಾವ ದಿನ ಎಷ್ಟು ತುಂಡು ಅಂತ ಬರೆದಿದ್ದೇನೆ. ಕತ್ತರಿಸುವ ಡಬ್ಬಿ ಇಲ್ಲಿದೆ. ಗ್ಲೌಸ್ ಹಾಕಿಕೊಂಡೇ ಮುಟ್ಟಿ, ಪುಡಿ ಮಾಡಬೇಡಿ.

ಮಾವ: ಇನ್ನೊಂದು ಹಳದಿಯದ್ದು? ಇದನ್ನು ಎಲ್ಲಿಯೋ ನೋಡಿದ್ದೇನೆ.

ಸೊಸೆ: ಅತ್ತೆಯ ಕಪಾಟಿನಲ್ಲಿ ನೋಡಿದ್ದೀರಿ. ಅವರ ಗಂಟುನೋವಿಗೆ ಕೊಟ್ಟ ಮೆಥೋಟ್ರೆಕ್ಸೇಟೇ ಇದು. ಸುಬ್ಬರಾವ್ ಅವರ ಪ್ರಯೋಗಾಲಯದಿಂದ ಬಂದ ಮದ್ದಿನ ಜಾತಿಯದ್ದೇ. ವಾರಕ್ಕೆ ಒಂದೇ ದಿನ, ಶುಕ್ರವಾರ. ಮರೆತು ದಿನವೂ ಕೊಟ್ಟರೆ ಜೀವಕ್ಕೇ ಅಪಾಯ. ಅತ್ತೆಯ ಡಬ್ಬಿಯ ಜೊತೆ ಇಡಲೇಬೇಡಿ. ಅವರ ಜೊತೆ ಫೋಲಿಕ್ ಆಸಿಡ್ ಮಾತ್ರೆಯೂ ಇರುತ್ತದೆ, ಅದು ಅವರಿಗೆ ಬೇಕು, ಇವಳಿಗೆ ಡಾಕ್ಟರು ಹೇಳದೆ ಬೇಡ.

ಮಾವ: ಒಂದು ದಿನ ಮಲಗಿಬಿಟ್ಟಳು, ಎಬ್ಬಿಸುವುದು ಪಾಪ ಅಂತ ಬಿಟ್ಟರೆ?

ಸೊಸೆ: ಎಬ್ಬಿಸಿ. ಎಲ್ಲ ಮನೆಯಲ್ಲೂ ಹೀಗೇ ತಪ್ಪುವುದು, ಪಾಪ ಅಂತ. ನೂರು ದಿನದಲ್ಲಿ ಐದಕ್ಕಿಂತ ಹೆಚ್ಚು ದಿನ 6-ಎಂಪಿ ತಪ್ಪಿಸಿದ ಮಕ್ಕಳಲ್ಲಿ ಕಾಯಿಲೆ ಮರಳುವುದು ಹೆಚ್ಚು ಅಂತ ಅಮೆರಿಕದಲ್ಲಿ ಮಾಡಿದ ಅಧ್ಯಯನ ಉಂಟು. ಮೊದಲಿನ ಕಷ್ಟವೇ ಸುಲಭ ಅನ್ನಿಸುತ್ತದೆ ಈಗ. ಆಗ ಸ್ಟಿರಾಯ್ಡಿನ ಹಸಿವು, ರಾತ್ರಿ ಮೂರು ಗಂಟೆಗೆ ಎದ್ದು ಗೋಳಿಬಜೆ ಬೇಕು ಅಂತ ಅಳುವುದು. ವಾರ್ಡಿನಲ್ಲಿ ಗೋಳಿಬಜೆ ಎಲ್ಲಿಂದ ತರುವುದು? ಬೆಳಿಗ್ಗೆ ಅಜ್ಜಿ ಡಬ್ಬಿಯಲ್ಲಿ ತಂದರೆ, ನೀರುದೋಸೆ ಯಾಕೆ ತರಲಿಲ್ಲ ಅಂತ ಸಿಟ್ಟು. ಆಗ ಸುತ್ತ ನರ್ಸುಗಳಿದ್ದರು, ಡಾಕ್ಟರಿದ್ದರು, ಎಲ್ಲರೂ ಫೋನ್ ಮಾಡಿ ವಿಚಾರಿಸುತ್ತಿದ್ದರು. ಈಗ ನಾನು ಮತ್ತೆ ಈ ಡಬ್ಬಿ, ಅಷ್ಟೆ. ಎಲ್ಲರೂ ಕೇಳುವುದು ನೀವು ಕೇಳಿದ್ದನ್ನೇ, ಚೆನ್ನಾಗಿದ್ದಾಳಲ್ಲ ಅಂತ.

ಮಾವ: ಆರಂಭದಲ್ಲಿ ಡೆಂಗಿ ಅಂದಿದ್ದರಲ್ಲವಾ?

ಸೊಸೆ: ಮಳೆಗಾಲ, ಜ್ವರ, ಪ್ಲೇಟ್‌ಲೆಟ್ ಇಳಿದಿದೆ ಅಂದರೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಡೆಂಗಿ, ಇಲ್ಲದಿದ್ದರೆ ಇಲಿಜ್ವರ. ತಪ್ಪೂ ಅಲ್ಲ, ನೂರರಲ್ಲಿ ತೊಂಬತ್ತೊಂಬತ್ತಕ್ಕೆ ಅದೇ ಇರುತ್ತದೆ. ಆದರೆ ಇವಳಿಗೆ ಅದಕ್ಕೂ ಎರಡು ವಾರ ಮೊದಲೇ ಕಾಲುನೋವು. ಎತ್ತಿಕೋ, ನಡೆಯುವುದಿಲ್ಲ ಅಂತ. ಬೆಳೆಯುವ ಮಕ್ಕಳಿಗೆ ಇದೆಲ್ಲ ಸಹಜ ಅಂದರು. ಒಂದು ಕಡೆ ಸ್ಟಿರಾಯ್ಡ್ ಬರೆದುಕೊಟ್ಟರು, ನಾನು ಕೊಡಲಿಲ್ಲ. ಕೊಟ್ಟಿದ್ದರೆ ನಾಲ್ಕು ದಿನ ಆರಾಮಾಗಿ ಕಂಡು ಕಾಯಿಲೆ ಮುಚ್ಚಿಹೋಗುತ್ತಿತ್ತು. ಯಾಕೆಂದರೆ ಈ ಕಾಯಿಲೆಗೂ ಅದು ಅರ್ಧ ಮದ್ದು. ಕೊನೆಗೆ ಪೇಟೆಯ ಲ್ಯಾಬಿನ ಹುಡುಗಿ ಮೆಷಿನಿನ ಲೆಕ್ಕವನ್ನು ನಂಬದೆ ರಕ್ತದ ಸ್ಲೈಡನ್ನು ತಾನೇ ಮೈಕ್ರೋಸ್ಕೋಪಿನಡಿ ಇಟ್ಟು ನೋಡಿದಳು. ಹೊರಗೆ ಬಂದು, ಟೀಚರ್, ಇವತ್ತೇ ಮಣಿಪಾಲಕ್ಕೆ ಹೋಗಿ ಅಂದಳು. ನನ್ನ ಹಳೆಯ ವಿದ್ಯಾರ್ಥಿನಿ.

ಮಾವ: ಇಷ್ಟು ಹೊತ್ತು ನೀನು ಹೇಳಿದ್ದನ್ನು ನಾನು ಕೇಳಿದೆ. ಈಗ ನನ್ನದು ಒಂದು ಕೇಳು. ದೊಡ್ಡವನು ಇಲ್ಲಿಗೆ ಬಂದು ವರ್ಷವಾಯಿತು. ಕಾಪುವಿನ ಶಾಲೆಗೆ ಹೋಗುತ್ತಾನೆ, ಮಾರ್ಕು ಬರುತ್ತದೆ, ತಂಟೆ ಇಲ್ಲ. ಹೋದ ತಿಂಗಳು ಅವನಿಗೆ ಜ್ವರ ಬಂತು. ನಿನಗೆ ಹೇಳಲಿಲ್ಲ, ಗಾಬರಿಯಾಗುವುದು ಬೇಡ ಅಂತ. ಥರ್ಮಾಮೀಟರ್ ತಾನೇ ಇಟ್ಟುಕೊಂಡು ನೋಡಿದ. ಅಜ್ಜ, ನೂರಾ ಒಂದು ಉಂಟು, ಇನ್ನು ನನ್ನನ್ನೂ ಅಮ್ಮನ ಹತ್ತಿರ ಮಣಿಪಾಲಕ್ಕೆ ಕರೆದುಕೊಂಡು ಹೋಗುತ್ತಾರಲ್ಲ ಅಂದ. ಖುಷಿಯಲ್ಲಿ ಹೇಳಿದ ಮಾರಾಯ್ತಿ.

ಸೊಸೆ: ...

ಮಾವ: ನಿನ್ನನ್ನು ಅಳಿಸಲಿಕ್ಕೆ ಹೇಳಿದ್ದಲ್ಲ. ಮೂಳೆಮಜ್ಜೆ ಕೊಡಬೇಕಾದೀತು, ಅಣ್ಣನದ್ದೇ ಹೊಂದುವುದು ಅಂತ ಯಾರೋ ಅವನ ತಲೆಗೆ ಹಾಕಿದ್ದಾರೆ. ಸೂಜಿ ಎಷ್ಟು ದೊಡ್ಡದಿರುತ್ತದೆ ಅಂತ ಕೇಳುತ್ತಿದ್ದ.

ಸೊಸೆ: ಅದು ಬೇಕಾಗುವುದಿಲ್ಲ ಮಾವ. ಈ ಕಾಯಿಲೆಯ ಹೆಚ್ಚಿನ ಮಕ್ಕಳಿಗೆ ಕೀಮೋ ಒಂದೇ ಸಾಕು. ಮೊದಲ ಚಿಕಿತ್ಸೆಗೆ ಬಗ್ಗದವರಿಗೆ, ಮರಳಿ ಬಂದವರಲ್ಲಿ ಕೆಲವರಿಗೆ ಮಾತ್ರ ಕಸಿ. ಇವತ್ತು ರಾತ್ರಿ ಅವನಿಗೆ ನಾನೇ ಹೇಳುತ್ತೇನೆ.

ಮಾವ: ರಾತ್ರಿ ಹೇಳಿ ಬೆಳಿಗ್ಗೆ ಹೋಗಿಬಿಟ್ಟರೆ ಆಗಲಿಲ್ಲ. ಮಂಗಳೂರಿನಿಂದ ಬಂದ ಮೇಲೆ ಒಂದು ಆದಿತ್ಯವಾರ ಬಾಲೆಯನ್ನು ನಮ್ಮ ಹತ್ತಿರ ಬಿಟ್ಟು ಅವನೊಬ್ಬನನ್ನೇ ಬೀಚಿಗೆ ಕರೆದುಕೊಂಡು ಹೋಗು. ಮುಂದಿನ ವರ್ಷ ಕಾರ್ಕಳದ ಶಾಲೆಗೇ ಸೇರಿಸು. ಅವನು ಹೋದರೆ ನಮಗೆ ಮನೆ ಖಾಲಿ. ಆದರೂ ಹೇಳುವುದು ನನ್ನ ಧರ್ಮ.

ಸೊಸೆ: ಆಯ್ತು ಮಾವ, ಸೇರಿಸುತ್ತೇನೆ.

ಮಾವ: ಇನ್ನು ಮಾರಿಪೂಜೆ. ಆಟಿಯ ಮಾರಿಗೆ ಬಾಲೆಯನ್ನು ಕರೆತರುತ್ತೇನೆ ಅಂತ ಹರಕೆ ಹೇಳಿಕೊಂಡಿದ್ದೆ. ಮುಂದಿನ ಮಂಗಳವಾರ.

ಸೊಸೆ: ಆ ಜನಜಂಗುಳಿಯಲ್ಲಿ ಬೇಡ. ಬಿಳಿರಕ್ತಕಣ ಕಡಿಮೆ ಇರುವ ಮಗುವಿಗೆ ಬೇರೆಯವರ ನೆಗಡಿಯೂ ನ್ಯುಮೋನಿಯಾ ಆಗಬಹುದು. ಕೆಲಸದವರ ಮನೆಯಲ್ಲಿ, ದೊಡ್ಡವನ ಕ್ಲಾಸಿನಲ್ಲಿ ಯಾರಿಗಾದರೂ ಚಿಕನ್ ಪಾಕ್ಸ್ ಅಂತ ಗೊತ್ತಾದರೂ ಆ ದಿನವೇ ನನಗೆ ಹೇಳಿ. ಮದ್ದೆಲ್ಲ ಮುಗಿದ ಮೇಲೆ ಹರಕೆ ತೀರಿಸುವ, ನಾನೇ ಮಲ್ಲಿಗೆ ತರುತ್ತೇನೆ.

ಮಾವ: ಸರಿ, ಈ ಸಲ ನಾನೊಬ್ಬನೇ ಹೋಗಿ ಕೈಮುಗಿದು ಬರುತ್ತೇನೆ. ಮತ್ತೆ ಎಂತ ಉಂಟು, ಬರೆದುಕೊಳ್ಳುತ್ತೇನೆ.

ಸೊಸೆ: ಎಲ್ಲಕ್ಕಿಂತ ದೊಡ್ಡದು ಜ್ವರ. ನಮಗೆ ಹೇಳಿರುವ ಗೆರೆ 100.4. ಅದನ್ನು ದಾಟಿದರೆ ಪ್ಯಾರಸಿಟಮಾಲ್ ಕೊಟ್ಟು ಕಾಯುವುದು ಬೇಡ, ಬೆಳಿಗ್ಗೆ ನೋಡುವ ಅನ್ನುವುದು ಬೇಡ, ಇಲ್ಲಿ ಹತ್ತಿರದಲ್ಲಿ ಒಂದು ಇಂಜೆಕ್ಷನ್ ಹಾಕಿಸುವ ಅನ್ನುವುದೂ ಬೇಡ. ಈ ಹಸಿರು ಫೈಲು ಹಿಡಿದು ಸೀದಾ ಮಣಿಪಾಲ. ದಾರಿಯಲ್ಲಿ ನನಗೆ ಫೋನ್ ಮಾಡಿ. ಕ್ಯಾಶುವಾಲಿಟಿಯಲ್ಲಿ ಮೊದಲ ಮಾತೇ, ಕೀಮೋ ಆಗುತ್ತಿರುವ ಮಗು ಅಂತ ಹೇಳಿ. ಸಾಲಿನಲ್ಲಿ ನಿಲ್ಲಬೇಡಿ.

ಮಾವ: ರಾತ್ರಿ ರಿಕ್ಷಾ ಸಿಗುವುದು ಕಷ್ಟ. ಪಕ್ಕದ ಮನೆಯ ಹುಡುಗನಿಗೆ ಕಾರು ತಯಾರಿಡಲು ಈಗಲೇ ಹೇಳುತ್ತೇನೆ. ಯಾಕೆ ಅಂತಲೂ ಹೇಳುತ್ತೇನೆ, ಮುಚ್ಚಿಡುವುದಿಲ್ಲ. ಮಾತ್ರೆ ಕೊಟ್ಟ ಕೂಡಲೇ ದಿನವೂ ನಿನಗೆ ಫೋನ್ ಮಾಡಲಾ?

ಸೊಸೆ: ಫೋನ್ ತಪ್ಪಿದರೂ ಪರವಾಗಿಲ್ಲ ಮಾವ. ಒಂಬತ್ತು ಗಂಟೆಯ ಮಾತ್ರೆ ತಪ್ಪಿಸಬೇಡಿ.